ನಾಗರತ್ನ ಅತ್ತಿಗೆಯಾದ ಸಂಜೆಗಳು

ಕಳೆದ ಆಷಾಢದಲ್ಲಿ ತೀರಿಕೊಂಡ ನಾಗರತ್ನಳ ಬಗ್ಗೆ ಗುಂಡ್ಲುಪೇಟೆಯಲ್ಲಿ ಇನ್ನೂ ಒಂದು ಮಾತಿದೆ: ಕೆಲಸಕ್ಕಿದ್ದ ಮನೆಯ ಗುಟ್ಟನ್ನು ಊರಿಗೆಲ್ಲ ಹಂಚಿದವಳು ಎಂದು. ಅವಳು ಹಂಚಲಿಲ್ಲ. ಒಬ್ಬಳನ್ನು ನಂಬಿದಳು, ಅಷ್ಟೇ.

ಅರಿಶಿನ ವ್ಯಾಪಾರಿ ನೀಲಕಂಠಸ್ವಾಮಿಯವರ ತಾಯಿ ದೊಡ್ಡಮಲ್ಲಮ್ಮನಿಗೆ ಮರೆವಿನ ಕಾಯಿಲೆ. ನಾಲ್ಕು ವರ್ಷ ಅವರನ್ನು ನೋಡಿಕೊಂಡವಳು ನಾಗರತ್ನ. ಸಂಜೆಯಾದರೆ ಮುದುಕಿ ಸೆರಗು ಬಿಗಿದು, ತವರೂರು ಹರದನಹಳ್ಳಿಗೆ ಹೊರಟುಬಿಡುತ್ತಿದ್ದರು. ತಡೆದರೆ ಪರಚುತ್ತಿದ್ದರು. ನಾಗರತ್ನ ತಡೆಯಲಿಲ್ಲ. ಹಿತ್ತಿಲಿನಿಂದ ಹೊರಡಿಸಿ, ಬೀದಿ ಸುತ್ತಿಸಿ, ಅದೇ ಮನೆಯ ಮುಂಬಾಗಿಲಿಗೆ ಕರೆತರುತ್ತಿದ್ದಳು. ತವರಿಗೆ ಬಂದ ಹೆಣ್ಣುಮಗಳಿಗೆ ಕೊಡುವಂತೆ ಹೊಸ್ತಿಲಲ್ಲಿ ಕಾಲಿಗೆ ಒಂದು ಚೊಂಬು ನೀರು ಕೊಡುತ್ತಿದ್ದಳು.

"ಬಾ ಕಣವ್ವ, ಈಗ್ ಬಂದ್ಯಾ? ಬಾಡೋಗಿದ್ದೀಯ."

"ಬಸ್ಸೇ ಸಿಕ್ನಿಲ್ಲ ಕಣತ್ತಿಗೆ. ಅಣ್ಣ ಎಲ್ಲಿ?"

"ಗದ್ದೆತಾವ್ ಓಗವ್ರೆ. ಮೊದ್ಲು ಉಣ್ಣು, ಆಮ್ಯಾಕೆ ಅವ್ರ ಜೊತೆ ಜಗಳಾಡೀವಂತೆ."

ಹೀಗೆ ಅತ್ತಿಗೆಯಾದವಳ ಮುಂದೆ ದೊಡ್ಡಮಲ್ಲಮ್ಮ ನೆಮ್ಮದಿಯಾಗಿ ಉಣ್ಣುತ್ತಿದ್ದರು. ಗಂಡನ ಮನೆಯಲ್ಲಿ ಯಾರಿಗೂ ಹೇಳದ್ದನ್ನು ಹೇಳುತ್ತಿದ್ದರು. ಈಗ ಗೋಡೆಯ ಮೇಲೆ ಪಟವಾಗಿ ಹಾರ ಹಾಕಿಸಿಕೊಂಡಿರುವ ಗಂಡ ತಮ್ಮನ್ನು ಬಾರುಕೋಲಿನಲ್ಲಿ ಹೊಡೆಯುತ್ತಿದ್ದುದನ್ನೂ ಹೇಳಿದ್ದರು. ನಾಗರತ್ನ ಕೇಳಿ, ಅಲ್ಲೇ ಬಿಡುತ್ತಿದ್ದಳು.

ಇಂಥವರ ಆರೈಕೆಯ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಶಿವಾನಿ ಎಂಬ ಹುಡುಗಿ ಬಂದದ್ದು ಆಗಲೇ. ಎರಡು ತಿಂಗಳು ಬಂದು ಕೂತಳು, ನಾಗರತ್ನ ತಟ್ಟಿದ ರೊಟ್ಟಿ ತಿಂದಳು, ಆ ಸಂಜೆಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡಳು.

"ಮಖ ಕಾಣಾಕಿಲ್ಲ ತಾನೆ ಕಣಮ್ಮಿ?"

"ಇಲ್ಲ ಅಕ್ಕ, ಮಸುಕು ಮಾಡ್ತೀನಿ. ನನ್ನ ಓದಿಗೆ ಅಷ್ಟೇ, ಬೇರೆ ಯಾರೂ ನೋಡಲ್ಲ."

ಇಂಗ್ಲಿಷಿನ ಒಪ್ಪಿಗೆ ಪತ್ರಕ್ಕೆ ನೀಲಕಂಠಸ್ವಾಮಿಯವರ ಸಹಿ ಹಾಕಿಸಿಕೊಟ್ಟವಳೂ ನಾಗರತ್ನಳೇ. "ಓದೋ ಉಡ್ಗಿ, ಸಹಿ ಆಕ್ಕೊಡಿ ಬುದ್ಧಿ," ಎಂದಳು. ಅವರು ಓದದೆ ಹಾಕಿದರು.

ಮರುವರ್ಷ ಚಾಮರಾಜನಗರದಲ್ಲಿ ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ತರಬೇತಿ ನಡೆಯಿತು. ಶಿವಾನಿ ಕರೆದಳೆಂದು ನಾಗರತ್ನ ಹೂ ಮುಡಿದು ಹೋಗಿ, ಎರಡನೇ ಸಾಲಿನಲ್ಲಿ ಕೂತಳು. ಪರದೆಯ ಮೇಲೆ ದೊಡ್ಡಮಲ್ಲಮ್ಮ ಬಂದರು, ಮುಖ ನಿಚ್ಚಳವಾಗಿ. ಕಾಲು ತೊಳೆಯುವುದನ್ನು ಕಂಡು ಸಭೆ ನಕ್ಕಿತು. ಆಮೇಲೆ ಬಾರುಕೋಲಿನ ಮಾತು ಬಂತು. ಹಿಂದಿನ ಸಾಲಿನಿಂದ ಯಾರೋ ಅಂದರು, "ಅಯ್ಯೋ, ನಮ್ಮೂರ್ ಅರಿಶಿನದ್ ಸ್ವಾಮಣ್ಣೋರ್ ತಾಯಿ ಕಣೇ!"

ಅವಳ ಬಸ್ಸಿಗಿಂತ ಮೊದಲೇ ಸುದ್ದಿ ಗುಂಡ್ಲುಪೇಟೆ ಮುಟ್ಟಿತ್ತು. ನೀಲಕಂಠಸ್ವಾಮಿ ಬಾಗಿಲಲ್ಲೇ ನಿಂತಿದ್ದರು.

"ನಮ್ಮಪ್ಪನ್ ಮಾನ ತಗ್ದು ಬೀದಿಗಾಕ್ಬುಟ್ಟೆ. ಸಹಿ ಈಸ್ಕೊಂಡೋಳು ನೀನೇ ಅಲ್ವಾ?"

"ನಂಗೊತ್ತಿರ್ನಿಲ್ಲ ಬುದ್ಧಿ. ನನ್ನ ಎಷ್ಟಾರ ಬೈರಿ, ಅವ್ವನ್ ಸಂಜೆ ತಪ್ಪಿಸ್ಬ್ಯಾಡಿ."

"ನಡಿ ಆಚ್ಗೆ."

ಶಿವಾನಿ ಫೋನು ಮಾಡಿದಳು. "ಮಸುಕು ಮಾಡೋಕೆ ಟೈಮ್ ಆಗ್ಲಿಲ್ಲ ಅಕ್ಕ. ಆದ್ರೆ ಎಲ್ಲರಿಗೂ ಎಷ್ಟು ಉಪಯೋಗ ಆಯ್ತು ಗೊತ್ತಾ?"

"ಅವ್ವ ಯೋಳಿದ್ದು ಅತ್ತಿಗೆಗೆ ಕಣಮ್ಮಿ, ನಿಂಗಲ್ಲ," ಎಂದು ನಾಗರತ್ನ ಫೋನಿಟ್ಟಳು.

ವಾರ ಕಳೆದ ಮೇಲೆ ಒಂದು ಸಂಜೆ ತಡೆಯಲಾರದೆ ಹಿತ್ತಿಲ ಕಡೆ ಹೋದಳು. ಬಾಗಿಲಿಗೆ ಹೊರಗಿನಿಂದ ಬೀಗ. ಒಳಗಿನಿಂದ ಅಂಗೈಯಲ್ಲಿ ಬಡಿಯುವ ಸದ್ದು.

"ಅತ್ತಿಗೇ... ಎಲ್ಲೋದೆ ಅತ್ತಿಗೇ..."

ನಾಗರತ್ನ ಬಾಗಿಲ ಸಂದಿಗೆ ಬಾಯಿಟ್ಟಳು. "ಈಗ್ಲೇ ಬತ್ತೀನಿ ಕಣವ್ವ, ವಸಿ ಕೂತ್ಕೊ."

ಬಡಿತ ನಿಂತಿತು. ಮುದುಕಿ ನಂಬಿ ಕೂತರು. ಬೀಗ ತೆರೆಯಲಾಗದ ನಾಗರತ್ನ ಅಲ್ಲಿಂದ ಹೊರಟುಬಂದಳು. ಮೋಸ ಮಾಡಿದವರ ಜೊತೆ ತಾನೂ ಸೇರಿಕೊಂಡೆ ಎಂದು ನಾಗರತ್ನ ಸಾಯುವವರೆಗೂ ಹೇಳುತ್ತಿದ್ದಳು.