ಮೂಲೆಯಲ್ಲೊಂದು ಅರಿಶಿನದ ಬೊಟ್ಟು

ಕಳೆದ ವಾರ ನಾನು ಕೆಲಸ ಮಾಡುವ ಶಾಲೆಯ ಆಫೀಸಿನ ಹಳೆಯ ಕಪಾಟು ಖಾಲಿ ಮಾಡುವಾಗ ಕೆಳಗಿನ ಖಾನೆಯಲ್ಲಿ ಒಂದು ನೀಲಿ ರಟ್ಟಿನ ನೋಟ್‌ಬುಕ್ ಸಿಕ್ಕಿತು. ಒಳಗೆ ಒಂದಕ್ಷರವೂ ಬರೆದಿಲ್ಲ. ರಟ್ಟಿನ ಮೂಲೆಯಲ್ಲಿ ಮಾತ್ರ ಬೆರಳು ಒತ್ತಿದಷ್ಟು ಅರಿಶಿನ, ನಡುವೆ ಚುಕ್ಕೆ ಕುಂಕುಮ. ಅರಿಶಿನ ಮಾಸಿತ್ತು, ಕುಂಕುಮ ಹಾಗೇ ಇತ್ತು...

ಆ ಬೊಟ್ಟು ಇಟ್ಟವರು ಇಲ್ಲಿ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಸ್ಟೇಷನರಿ ಅಂಗಡಿ ನಡೆಸುತ್ತಿದ್ದ ಕುಂದಾಪುರದವರು. ನಾನು ಅಂಕಲ್ ಅನ್ನುತ್ತಿದ್ದೆ. ನಮ್ಮ ಶಾಲೆಗೂ ಸುತ್ತಲಿನ ಎರಡು ಶಾಲೆಗಳಿಗೂ ನೋಟ್‌ಬುಕ್, ಪೆನ್ಸಿಲ್, ಗೋಂದು ಎಲ್ಲ ಅವರದೇ. ಬೆಳಿಗ್ಗೆ ಫೋನ್ ಮಾಡಿದರೆ ಮಕ್ಕಳ ಊಟದ ಹೊತ್ತಿಗೆ ಅವರ ವ್ಯಾನು ಗೇಟಿನಲ್ಲಿ. ಎರಡು ಸಲ ಒದೆಯದೆ ಅದರ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಶಾಲೆ ತೆರೆಯುವ ಪ್ರತಿ ಸೆಪ್ಟೆಂಬರಿನ ಮೊದಲ ಕಟ್ಟಿನ ಮೇಲಿನ ಪುಸ್ತಕಕ್ಕೆ ಅರಿಶಿನ ಕುಂಕುಮ ಇಟ್ಟೇ ಕೊಡುವರು. ಟೀಚರುಗಳು ಅದನ್ನು ಅಡುಗೆಯ ಕಲೆ ಅಂದುಕೊಂಡಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ.

ಆಮೇಲೆ ನಮ್ಮದೂ ಸೇರಿ ಸುತ್ತಲಿನ ಏಳು ಶಾಲೆಗಳು ಸೇರಿ ಒಟ್ಟಿಗೆ ಖರೀದಿ ಮಾಡುವುದೆಂದಾಯಿತು. ತಪ್ಪೇನಲ್ಲ. ನಾಲ್ಕು ಮನೆಯವರು ಸೇರಿ ಸೌತ್‌ಹಾಲಿನಿಂದ ಅಕ್ಕಿ ಮೂಟೆ ತಂದು ಹಂಚಿಕೊಳ್ಳುವ ನಮಗೆ ಅದು ಹೊಸದೂ ಅಲ್ಲ. ಆದರೆ ಏಳೂ ಶಾಲೆಗೆ ಒಬ್ಬರೇ ವ್ಯಾಪಾರಿ. ಅಂಕಲ್ ಅಂಗಡಿ ನಿಂತಿದ್ದೇ ಶಾಲೆಗಳ ಮೇಲೆ. ಬೀದಿಯ ಗಿರಾಕಿಗಳು ಬರುತ್ತಿದ್ದುದು ಹುಟ್ಟುಹಬ್ಬದ ಕಾರ್ಡಿಗೆ. ಇದು ತಪ್ಪಿದರೆ ಬಾಗಿಲು ಹಾಕಬೇಕು, ಅಷ್ಟೇ. ವ್ಯಾಪಾರಿಗಳು ಅರ್ಜಿಯ ಜೊತೆ ರೇಟಿನ ಲಕೋಟೆ, ಒಂದು ಮಾದರಿ ಪುಸ್ತಕ ಕಳಿಸಬೇಕಿತ್ತು. ಪಕ್ಷಪಾತ ಆಗಬಾರದೆಂದು, ಪುಸ್ತಕದ ಮೇಲೆ ಯಾರದೆಂದು ತಿಳಿಯುವ ಹೆಸರು, ಮುದ್ರೆ, ಗುರುತು ಏನಿದ್ದರೂ ಅರ್ಜಿ ಪಕ್ಕಕ್ಕೆ, ಲಕೋಟೆ ಒಡೆಯುವಂತಿಲ್ಲ. "ಅಂಗಡಿ ಸ್ಟಿಕ್ಕರ್ ಅಂಟಿಸಬೇಡಿ ಅಂಕಲ್" ಅಂತ ನಾನೇ ಎಚ್ಚರಿಸಿದ್ದೆ. ಅವರು ಅಂಟಿಸಲಿಲ್ಲ.

ಮಾದರಿಗಳ ಪೊಟ್ಟಣ ಬಿಚ್ಚಲು ಕೂತವರು ನಾನು ಮತ್ತು ಪಕ್ಕದ ಶಾಲೆಯ ಆಫೀಸಿನಾಕೆ. ನೀಲಿ ಪುಸ್ತಕ ಹೊರಬಂದಾಗ ಆಕೆ, ಅಯ್ಯೋ ಏನೋ ಕಲೆ, ಅಂತ ಒರೆಸಲು ಟಿಶ್ಯೂ ತೆಗೆದಳು. ನಾನು ಸುಮ್ಮನಿದ್ದಿದ್ದರೆ ಒರೆಸಿ ಮುಂದಿನದಕ್ಕೆ ಕೈ ಹಾಕುತ್ತಿದ್ದಳು. ಆದರೆ ನಮ್ಮವರ ಪದ್ಧತಿಯನ್ನು ಕಲೆ ಅಂದುಬಿಟ್ಟಳಲ್ಲ ಅಂತ ನನಗೆ ಚುರುಕ್ ಅಂತು. ಕಲೆಯಲ್ಲ, ಶುಭವಾಗಲಿ ಅಂತ ನಮ್ಮ ಕಡೆ ಹೊಸ ವಸ್ತುವಿಗೆ ಇಡುತ್ತಾರೆ ಅಂತ ಒಂದು ಪಾಠವನ್ನೇ ಮಾಡಿದೆ. ಆಕೆ ಮೆಚ್ಚುಗೆಯಿಂದಲೇ ಕೇಳಿದಳು. ಕೇಳಿ ಮುಗಿದ ಮೇಲೆ, ಹಾಗಾದರೆ ಇದು ಯಾರದೆಂದು ಗೊತ್ತಾಯಿತಲ್ಲ, ಅರ್ಜಿ ಹಾಕಿದವರಲ್ಲಿ ನಿಮ್ಮ ಕಡೆಯವರು ಒಬ್ಬರೇ, ಅಂದಳು. ಬಾಯಿಬಿಟ್ಟರೆ ಬಣ್ಣಗೇಡು. ಪುಸ್ತಕ ಪಕ್ಕಕ್ಕೆ, ನಮ್ಮ ಕಪಾಟಿಗೆ ಹೋಯಿತು.

ಫಲಿತಾಂಶ ತಿಳಿದ ಮೇಲೆ ಅಂಕಲ್ ಬಂದು ನನ್ನ ಕೌಂಟರಿನ ಮುಂದೆ ನಿಂತರು.

"ಎಲ್ಲಿ ಕಮ್ಮಿ ಆಯ್ತ್ ಮಾರಾಯ್ತಿ?"

"ರೇಟು ಸ್ವಲ್ಪ ಜಾಸ್ತಿ ಆಯ್ತು ಅಂಕಲ್."

ಹಸಿ ಸುಳ್ಳು. ಅವರ ರೇಟಿನ ಲಕೋಟೆಯನ್ನು ಯಾರೂ ಒಡೆದೇ ಇರಲಿಲ್ಲ. ಅವರು ಹೌದಾ ಅಂದು, ಉಣ್ಣೆ ಟೋಪಿ ಕಿವಿಗೆಳೆದುಕೊಂಡು ಹೋದರು. ಆ ಚಳಿಗಾಲಕ್ಕೇ ಅಂಗಡಿ ಮುಚ್ಚಿತು. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಅಂಕಲ್ ತೀರಿಕೊಂಡು ಎರಡು ವರ್ಷವಾಯಿತು...

ಮೊನ್ನೆ ಭಾನುವಾರ ಪುಸ್ತಕ ಹಿಡಿದು ಅವರ ಹೆಂಡತಿಯನ್ನು ನೋಡಲು ಹೋದೆ. ಎಲ್ಲವನ್ನೂ ಹೇಳಿಬಿಡಬೇಕು ಅಂತಲೇ ಹೋಗಿದ್ದೆ. ಆಂಟಿ ಆ ಬೊಟ್ಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

"ಕಡೇವರೆಗೂ ಅದನ್ನೇ ಹೇಳ್ತಿದ್ರ್. ನಂದೇ ಆಸೆ ಹೆಚ್ಚಾಯ್ತ್, ರೇಟ್ ಇನ್ನೂ ಕಮ್ಮಿ ಹಾಕ್ಕಿತ್ತ್ ಅಂದೇಳಿ."

ಅಂದು ಮುಚ್ಚಿರಬೇಕಿದ್ದ ಬಾಯಿಯನ್ನು ಈಗಲಾದರೂ ತೆರೆಯಬೇಕಿತ್ತು. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ಅವರು ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದೆ.