ಮರಿಯ ಹೊಟ್ಟೆ, ಅಂಜೂರದ ಹಾಲು

ಬ್ರಹ್ಮಪುರದ ನಮ್ಮ ಓಣಿಯಲ್ಲಿ ಮೆಹರುನ್ನಿಸಾ ಮಾಡುವ ಚೀಸ್ ತಿನ್ನದವರು ಒಬ್ಬರೇ, ಅವಳ ಪಕ್ಕದ ಮನೆಯ ಗೆಳತಿ ಕಸ್ತೂರಿಬಾಯಿ. ಹೈದರಾಬಾದಿನ ಹೋಟೆಲಿನಲ್ಲಿ ಅಡುಗೆಗಿದ್ದ ಮಾಮು ಗುಲಾಮ್ ರಸೂಲ್ ಮೆಹರುನ್ನಿಸಾಗೆ ಕಲಿಸಿದ ವಿದ್ಯೆ ಅದು. ಕಮಲಾಪುರದ ತವರಿನಲ್ಲಿ ತಮ್ಮ ಶಫಿ ಆಡು ಸಾಕಿದ್ದಾನೆ. ಹಾಲೂ ಅವನದೇ, ಹಾಲು ಗಟ್ಟಿಯಾಗಿಸುವ ಸಾಮಾನೂ ಅವನದೇ. ಇನ್ನೂ ಸೊಪ್ಪಿಗೆ ಬಾಯಿ ಹಾಕದ ಮರಿಯ ಹೊಟ್ಟೆಯಲ್ಲಿ ತಾಯಿಹಾಲನ್ನು ಗಟ್ಟಿ ಮಾಡುವ ರಸವಿರುತ್ತದೆ. ಆ ಹೊಟ್ಟೆಗೆ ಉಪ್ಪು ಸವರಿ ಒಣಗಿಸಿ, ಒಂದು ಚೂರು ನೆನೆಸಿದ ನೀರನ್ನು ಬೆಚ್ಚಗಿನ ಹಾಲಿಗೆ ಬಿಟ್ಟರೆ ಸಾಕು, ಹಾಲು ಚಾಕುವಿನಿಂದ ಕೊಯ್ಯುವ ಹಾಗಾಗುತ್ತದೆ. ಲಿಂಬೆ ಹಿಂಡಿದರೆ ಪನೀರ್ ಆಗುತ್ತದೆಯೇ ಹೊರತು ತಿಂಗಳುಗಟ್ಟಲೆ ಮಾಗುವ ಚೀಸ್ ಆಗುವುದಿಲ್ಲ.

ಕಸ್ತೂರಿಬಾಯಿ ಮಾಂಸ ಮುಟ್ಟದ ಮನೆತನದವರು. ಚೀಸಿನಲ್ಲಿ ಏನಿದೆಯೆಂದು ಮೆಹರುನ್ನಿಸಾ ಮೊದಲ ದಿನವೇ ಹೇಳಿಬಿಟ್ಟಿದ್ದಳು. ಅಂದಿನಿಂದ ಅವರು ಒಲೆ ಪಕ್ಕ ಕೂತು ಹರಟೆ ಹೊಡೆದು, ಘಮ ಹೀರಿ ಎದ್ದುಹೋಗುವರು. ವಾಸನೆಗೇನು ಪಥ್ಯವಿಲ್ಲವಲ್ಲ. ಗೆಳತಿಗೆ ಒಂದು ತುಂಡಾದರೂ ತಿನ್ನಿಸಬೇಕೆಂಬ ಹಟ ಮೆಹರುನ್ನಿಸಾಗೆ ಹತ್ತಿತು.

ಅಂಜೂರದ ಟೊಂಗೆ ಮುರಿದರೆ ಜಿನುಗುವ ಹಾಲೂ ಅದೇ ಕೆಲಸ ಮಾಡುತ್ತದೆ ಎಂದು ಮಾಮು ಫೋನಿನಲ್ಲಿ ಹೇಳಿದರು. ಅಂಜೂರದ ಗಿಡ ಕಸ್ತೂರಿಬಾಯಿಯ ಹಿತ್ತಲಲ್ಲೇ ಇತ್ತು. ಹೊಸ ಪಾತ್ರೆ, ಚೀಸ್ ಬಸಿಯಲು ಹೊಸ ಬಟ್ಟೆ ಬಂದವು. ಚಳಿಗಾಲವೆಲ್ಲ ಚೀಸ್ ಮಾಗಿತು.

ಕೊಯ್ಯುವ ದಿನ ನಾನೂ ಹೋಗಿದ್ದೆ, ನನ್ನ ಪಾಲಿಗಾಗಿಯೇ ಅನ್ನಿ. ಕಸ್ತೂರಿಬಾಯಿ ತುಂಡನ್ನು ಬಾಯಿಯ ಹತ್ತಿರ ಒಯ್ಯುವಾಗ ಮೆಹರುನ್ನಿಸಾಳ ಮುಖ ಪೆಚ್ಚಾಯಿತು. ಪ್ರತಿ ಸಲದ ಚೀಸಿನಿಂದ ಬಸಿದ ನೀರನ್ನು ಕೊಂಚ ಎತ್ತಿಟ್ಟು ಮುಂದಿನ ಹಾಲಿಗೆ ಹೆಪ್ಪಾಗಿ ಹಾಕುವುದು ಅವಳ ರೂಢಿ. ಈ ಸಲವೂ ಕೈ ಅದನ್ನೇ ಮಾಡಿತ್ತು. ಆ ಹಳೆಯ ನೀರಿನಲ್ಲಿ ಮರಿಯ ಹೊಟ್ಟೆಯ ರಸ ಇದ್ದೇ ಇತ್ತು. ಹಾಕಿದ್ದನ್ನು ಯಾರೂ ನೋಡಿರಲಿಲ್ಲ.

"ಬ್ಯಾಡ ಅಕ್ಕಾ, ಇಡು. ಮರತು ಹಳೇ ನೀರಿನ ಹೆಪ್ಪ ಹಾಕೀನಿ."

ಕಸ್ತೂರಿಬಾಯಿ ತುಂಡನ್ನು ತಟ್ಟೆಗಿಟ್ಟು ಎದ್ದುಹೋದರು. ಮೆಹರುನ್ನಿಸಾ ಸೆರಗು ಕಣ್ಣಿಗೊತ್ತಿ ಕೂತಳು. ಸ್ವಲ್ಪ ಹೊತ್ತಿಗೆ ಕಸ್ತೂರಿಬಾಯಿ ಒಂದು ಬಟ್ಟಲು ಮೊಸರು ಹಿಡಿದು ಮರಳಿ ಬಂದರು.

"ಇನ್ನ ಮ್ಯಾಲ ಇದರ ಹೆಪ್ಪ ಹಾಕು. ಯಾರೂ ನೋಡದಿದ್ರೂ ನೀನಾಗೇ ಹೇಳಿದಿ, ನೀ ಕೊಟ್ಟಿದ್ದರಾಗ ಏನೈತಿ ಅಂತ ಕೇಳೂದು ಇವತ್ತಿಗೆ ಬಿಟ್ಟೆ."

ಬೇಸಿಗೆ ಕಳೆಯುವ ಹೊತ್ತಿಗೆ ಆ ಮೊಸರಿನ ಚೀಸ್ ಮಾಗಿತ್ತು. ಅಂಜೂರದ ಹಾಲಿನ ಗುಣವೋ ಏನೋ, ಬಾಯಿಗೆ ತುಸು ಕಹಿ. ಕಸ್ತೂರಿಬಾಯಿ ಏನೂ ಕೇಳದೆ ತಿಂದು, ಎರಡನೇ ತುಂಡಿಗೆ ಕೈ ಚಾಚಿದರು.