ನಾಲ್ಕು ಗೇಣಿನ ಅಳತೆ

ಕರಿಬಸಪ್ಪ ಹೆಂಡತಿ ಪಾರ್ವತೆಮ್ಮನ ತೂಕ ತೊಂಬತ್ನಾಲ್ಕು ಕಿಲೋ ಎಂದು ಬರೆಸಿದ್ದ. ಆಕೆ ವಾರ್ಡಿನ ಬಾಗಿಲು ದಾಟಿ ಒಳಗೆ ಬಂದದ್ದೇ ತಡ, ಖುರ್ಷಿದಾ ಕೈಯಲ್ಲಿದ್ದ ಫೈಲನ್ನು ಟಪ್ಪನೆ ಮುಚ್ಚಿದಳು.

"ಎಲ್ಲಿ ತೂಗಿಸಿದ್ರಿ ಯಜಮಾನ್ರ?"

"ನಮ್ಮ ಅಂಗಡ್ಯಾಗರೀ. ಭತ್ತ ತೂಗೋ ಕಾಟಾ. ನೂರ ಗ್ರಾಂ ಆಚೀಚೆ ಆಗೂದಿಲ್ಲ."

"ಕಾಟಾ ಎಷ್ಟ ತೋರಿಸ್ತು ಅಂತ ಕೇಳಿದೆ."

ಕರಿಬಸಪ್ಪ ಟೋಪಿ ಸರಿಮಾಡಿಕೊಂಡ. ಕನಕಗಿರಿಯಲ್ಲಿ ಮೂವತ್ತು ವರ್ಷದಿಂದ ಭತ್ತದ ದಲ್ಲಾಳಿ ಅಂಗಡಿ ನಡೆಸಿದವನು ಅವನು. ಕಾಟಾ ತೋರಿಸಿದ ತೂಕವನ್ನು ಹಾಗೆಯೇ ಬರೆದು ಅವನಿಗೆ ರೂಢಿಯೇ ಇರಲಿಲ್ಲ. ಚೀಲಕ್ಕೆ ಇಷ್ಟು, ತೇವಕ್ಕೆ ಇಷ್ಟು, ಜೊಳ್ಳಿಗೆ ಇಷ್ಟು ಎಂದು ಕಳೆದ ಮೇಲೆಯೇ ಅವನ ಪೆನ್ನು ಮುಂದೆ ಹೋಗುತ್ತಿತ್ತು.

"ಸೀರಿ, ಬಳಿ, ಕಾಲಾಗಿನ ಚಪ್ಲಿ, ಎಲ್ಲಾ ಕಳದೀನ್ರಿ. ಮ್ಯಾಲೆ ದೃಷ್ಟಿ ಆಗಬಾರದಂತ ಒಂದೀಟು ಕಳದೆ. ಹೆಣ್ಮಗಳ ತೂಕ ಮಂದಿ ಮುಂದ ಪೂರಾ ಹೇಳಬಾರದ್ರಿ ಸಿಸ್ಟರ್ರ."

"ನಾ ಸಿಸ್ಟರ್ ಅಲ್ರಿ. ಆಪರೇಷನ್ನಿನಾಗ ಉಸಿರಾಟದ ಮಷಿನ್ ನೋಡ್ಕೊಳ್ಳಾಕಿ. ದೃಷ್ಟಿಗೆ ಎಷ್ಟ ಕಳದ್ರಿ?"

"ಇಪ್ಪತ್ತು ಆಗಿರಬೇಕ್ರಿ."

ಪಾರ್ವತೆಮ್ಮ ಮಂಚದ ಅಂಚಿಗೆ ಕೂತು ಏದುಸಿರು ಬಿಡುತ್ತಲೇ ನಕ್ಕಳು. "ನೋಡವ್ವಾ, ರೈತರ ಭತ್ತಕ್ಕೂ ಇದ ನ್ಯಾಯ, ಕಟ್ಕೊಂಡ ಹೆಂಡ್ತಿಗೂ ಇದ ನ್ಯಾಯ."

ಗಂಗಾವತಿಯ ಆ ಮೂರಂತಸ್ತಿನ ಖಾಸಗಿ ಆಸ್ಪತ್ರೆಯಲ್ಲಿ ಖುರ್ಷಿದಾ ಹದಿನೇಳು ವರ್ಷದಿಂದ ಇದ್ದಳು. ಮಂಪರು ಮದ್ದು ಕೊಡುವ ಶೈಲಜಾ ಡಾಕ್ಟರಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಊರು ಸೇರಿ ಒಂದೇ ಓಣಿಯಿದ್ದಂತೆ. ಅವರ ಕಾರು ಬಂದು ನಿಲ್ಲುವಷ್ಟರಲ್ಲಿ ಮಷಿನ್ನು, ಕೊಳವೆ, ಮದ್ದು ಎಲ್ಲ ಸಿದ್ಧವಿರಬೇಕು. ಆ ಹದಿನೇಳು ವರ್ಷದಲ್ಲಿ ಖುರ್ಷಿದಾ ಜನರಿಂದ ನಿಜ ಹೊರಡಿಸಿ ಹೊರಡಿಸಿ ಬೇಸತ್ತಿದ್ದಳು. ಏನೂ ತಿಂದಿಲ್ಲ ಎನ್ನುವವರ ಮೀಸೆಯಲ್ಲಿ ಮಂಡಕ್ಕಿ ಇರುತ್ತಿತ್ತು. ಬೀಡಿ ಬಿಟ್ಟೆ ಎನ್ನುವವರ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಇರುತ್ತಿತ್ತು. ಈಗ ಇದೊಂದು ತೂಕ.

ಆಸ್ಪತ್ರೆಯ ತೂಕದ ಯಂತ್ರದ ಮುಳ್ಳು ಅದರ ಕೊನೆಯ ಅಂಕಿಯಾದ ನೂರಿಪ್ಪತ್ತಕ್ಕೆ ಹೋಗಿ ಗಟ್ಟಿಯಾಗಿ ಕುಳಿತುಬಿಟ್ಟಿತು. ಖುರ್ಷಿದಾ ಗೊಣಗುತ್ತ ಕೆಳಗಿನ ಅಂತಸ್ತಿನಿಂದ ಇನ್ನೊಂದು ಯಂತ್ರ ಹೊತ್ತು ತಂದಳು. ಎರಡನ್ನೂ ಅಕ್ಕಪಕ್ಕ ಇಟ್ಟು, ಪಾರ್ವತೆಮ್ಮನಿಗೆ ಒಂದೊಂದರ ಮೇಲೆ ಒಂದೊಂದು ಕಾಲು ಇಡಲು ಹೇಳಿ, ಕೈಹಿಡಿದು ನಿಲ್ಲಿಸಿದಳು. ಅರವತ್ತೊಂದು, ಅರವತ್ತೇಳು. ನೂರಿಪ್ಪತ್ತೆಂಟು.

ಇಳಿಯುವಾಗ ಪಾರ್ವತೆಮ್ಮ ಹಿಡಿದ ಕೈ ಬಿಡಲಿಲ್ಲ. ಎರಡು ವರ್ಷದಿಂದ ರಕ್ತಸ್ರಾವ. ತೋರಿಸಿದಲ್ಲೆಲ್ಲ ಮೈ ಇಳಿಸಿಕೊಂಡು ಬನ್ನಿ ಎಂದೇ ಕಳಿಸಿದ್ದರು. ಹೊಟ್ಟೆಗೆ ನಾಲ್ಕು ಸಣ್ಣ ತೂತು ಹಾಕಿ ಗರ್ಭಕೋಶ ತೆಗೆಯುತ್ತೇವೆ ಎಂದು ಒಪ್ಪಿದ್ದು ಇಲ್ಲಿಯ ರುದ್ರೇಶ ಡಾಕ್ಟರೊಬ್ಬರೇ.

"ಯವ್ವಾ, ತೂತ ಹಾಕ್ಲಿ. ಆದ್ರ ಹೊಟ್ಟಿ ಕೊಯ್ಯಾಕ ಮಾತ್ರ ಬಿಡಬ್ಯಾಡ. ನನ್ನ ತಂಗೀದೂ ನನ್ನಂಥದ ಮೈ, ನನ್ನಂಗ ಸಕ್ಕರಿ ಬ್ಯಾನಿ. ಕೊಯ್ದ ಗಾಯ ಮೂರ ತಿಂಗಳ ಕೂಡ್ಲಿಲ್ಲ. ನಂಜಾಗಿ ಹೋದ್ಲು."

"ಅದು ನನ್ನ ಕೈಯಾಗಿಲ್ರಿ ಅಮ್ಮಾರ. ಉಸಿರ ಸರಿಯಾಗಿ ನಡದ್ರ ಕೊಯ್ಯೂ ಪ್ರಸಂಗ ಬರೂದಿಲ್ಲ."

ಹಾಗೆಂದವಳು ಆಪರೇಷನ್ ಕೋಣೆಗೆ ಹೋಗಿ ಬಿಳಿ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ೧೨೮ ಎಂದು ಬರೆದು ಉಸಿರಾಟದ ಮಷಿನ್ನಿನ ಹಣೆಗೇ ಅಂಟಿಸಿದಳು. ಇಷ್ಟು ಜಗಳವಾಡಿ ಪಡೆದ ತೂಕ ಯಾರ ಕಣ್ಣಿಗೂ ತಪ್ಪಬಾರದು.

ಹನ್ನೊಂದಕ್ಕೆ ಶೈಲಜಾ ಡಾಕ್ಟರ ಫೋನು ಬಂತು. ಕುಷ್ಟಗಿಯಲ್ಲಿ ತುರ್ತು ಹೆರಿಗೆ, ಬದಲಿಗೆ ರವಿಕುಮಾರನನ್ನು ಕಳಿಸುತ್ತೇನೆ ಎಂದರು. ಅವನು ಮಂಪರು ಮದ್ದಿನ ಡಾಕ್ಟರಿಕೆ ಓದಿ ಮುಗಿಸಿ ಎರಡು ತಿಂಗಳಾಗಿತ್ತು. ಕೊಳವೆ ಇಳಿಸುವ ಕೈ ಚೆನ್ನಾಗಿತ್ತು. ತಲೆ, ಭುಜದ ಕೆಳಗೆ ಮಡಿಸಿದ ಚಾದರಗಳನ್ನಿಟ್ಟು ಖುರ್ಷಿದಾ ಏರು ಮಾಡಿಕೊಟ್ಟಿದ್ದಳು. ಅವನು ಒಂದೇ ಪ್ರಯತ್ನದಲ್ಲಿ ಕೊಳವೆ ಇಳಿಸಿದ. ಮಷಿನ್ನು ಪಾರ್ವತೆಮ್ಮನ ಪರವಾಗಿ ಉಸಿರಾಡತೊಡಗಿತು.

ಕಷ್ಟ ಶುರುವಾದದ್ದು ಆಮೇಲೆ. ಒಳಗೆ ಕಾಣಲು ಜಾಗ ಬೇಕೆಂದು ಹೊಟ್ಟೆಗೆ ಗಾಳಿ ತುಂಬಿದರು. ಕರುಳು ಎದೆಯ ಕಡೆ ಸರಿಯಲೆಂದು ಮೇಜನ್ನು ತಲೆ ಕೆಳಗಾಗುವಂತೆ ಓರೆ ಮಾಡಿದರು. ಗಾಳಿ, ಕರುಳು, ಹೊಟ್ಟೆಯ ಕೊಬ್ಬು ಎಲ್ಲವೂ ಸೇರಿ ಶ್ವಾಸಕೋಶದ ಮೇಲೆ ಬಂದು ಕೂತವು. ಮಷಿನ್ನು ಕಿರುಚಿತು. ಒತ್ತಡ ನಲವತ್ತು ದಾಟಿತ್ತು. ರಕ್ತದ ಆಮ್ಲಜನಕ ತೊಂಬತ್ತೈದರಿಂದ ತೊಂಬತ್ತೆರಡಕ್ಕೆ, ಅಲ್ಲಿಂದ ಎಂಬತ್ತೊಂಬತ್ತಕ್ಕೆ ಇಳಿಯಿತು.

"ಏನ್ರಿ ಅದು?" ಕ್ಯಾಮೆರಾದ ಪರದೆಯಿಂದ ಕಣ್ಣು ತೆಗೆಯದೆ ರುದ್ರೇಶ ಕೇಳಿದರು. "ಆಗೂದಿಲ್ಲಂದ್ರ ಈಗ ಹೇಳ್ರಿ. ಗಾಳಿ ತಗದು ಹೊಟ್ಟಿ ಕೊಯ್ತೀನಿ."

ಖುರ್ಷಿದಾ ಕೊಳವೆ ಮಡಚಿದೆಯೇ ನೋಡಿದಳು. ಇಲ್ಲ. ಕಫ ಕಟ್ಟಿದೆಯೇ ನೋಡಿದಳು. ಇಲ್ಲ. ಎರಡೂ ಕಡೆ ಗಾಳಿ ಹೋಗುತ್ತಿತ್ತು. ಆಮೇಲೆ ಕಣ್ಣು ಮಷಿನ್ನಿನ ಅಂಕಿಗೆ ಬಿತ್ತು. ಒಂದು ಉಸಿರಿಗೆ ಏಳುನೂರಾ ಐವತ್ತು ಮಿಲಿ.

"ಸರ್, ಏಳುನೂರಾ ಐವತ್ತ ಭಾಳ ಆತ್ರಿ."

"ಕಿಲೋಕ್ಕೆ ಸುಮಾರು ಆರು ಮಿಲಿ ಹಿಡಿದೀನಿ," ರವಿಕುಮಾರನ ಹಣೆ ಬೆವೆತಿತ್ತು. "ನೂರಿಪ್ಪತ್ತೆಂಟು ಅಂತ ನೀವೇ ಬರ್ದು ಅಂಟಿಸೀರಲ್ರಿ!"

ಖುರ್ಷಿದಾಗೆ ತನ್ನ ಹಣೆಯನ್ನೇ ಚಚ್ಚಿಕೊಳ್ಳಬೇಕೆನಿಸಿತು. ಮದ್ದಿಗೆ ತೂಕ ಬೇಕು, ಮೇಜಿಗೆ ತೂಕ ಬೇಕು. ಉಸಿರಿಗೆ ಬೇಕಾದದ್ದು ಎತ್ತರ. ಕೊಬ್ಬು ಎಷ್ಟು ಬೆಳೆದರೂ ಪಕ್ಕೆಲುಬಿನ ಗೂಡು ಬೆಳೆಯುವುದಿಲ್ಲ, ಅದರೊಳಗಿನ ಶ್ವಾಸಕೋಶವೂ ಅಷ್ಟೇ. ಆ ಮನುಷ್ಯ ಮೂವತ್ನಾಲ್ಕು ಕಿಲೋ ಕದ್ದ ಎಂದು ಮುಂಜಾನೆಯೆಲ್ಲ ಹಾರಾಡಿದವಳು ಎತ್ತರ ಅಳೆಯುವುದನ್ನೇ ಮರೆತಿದ್ದಳು. ಫೈಲಿನಲ್ಲಿ ಎತ್ತರದ ಜಾಗ ಖಾಲಿ.

"ತೂಕ ಮರೀರಿ ಸರ್. ಎತ್ತರದ ಮ್ಯಾಲೆ ಇಡಬೇಕು."

"ಗೊತ್ತು, ಗೊತ್ತು," ಎಂದ ರವಿಕುಮಾರ. ಆ ದಪ್ಪ ಅಂಕಿ ನೋಡಿದ ಗಡಿಬಿಡಿಯಲ್ಲಿ ಮರೆತದ್ದು ಅವನಿಗೂ ಈಗ ಹೊಳೆದಿತ್ತು. "ಎತ್ತರ ಎಷ್ಟು?"

ಪಾರ್ವತೆಮ್ಮ ಹಸಿರು ಬಟ್ಟೆಯಡಿ ಕಾಲು ಮೇಲಾಗಿ, ಮೊಣಕಾಲು ಮಡಚಿ ಮಲಗಿದ್ದಳು. ಟೇಪು ಹಿಡಿಯಲು ತಲೆಯಿಂದ ಹಿಮ್ಮಡಿಯವರೆಗೆ ದಾರಿಯೇ ಇರಲಿಲ್ಲ. ಸಲೈನು ಹಚ್ಚಿದ ಎಡಗೈ ಮಾತ್ರ ಹಲಗೆಯ ಮೇಲೆ ನೀಟಾಗಿ ಚಾಚಿತ್ತು.

ಖುರ್ಷಿದಾಳ ತಂದೆ ಬಾಬಾಸಾಬ ಪಿಂಜಾರ. ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿ ಗಾದಿ ತುಂಬಿಕೊಡುತ್ತಿದ್ದವನು. ಹಾಸಿಗೆ ಹಿಡಿದವರಿಗೆ ಗಾದಿ ಮಾಡುವಾಗ ಅವರನ್ನು ಎಬ್ಬಿಸಿ ನಿಲ್ಲಿಸುವಂತಿರಲಿಲ್ಲ. ಗಂಟಲ ಗುಳಿಯಿಂದ ನಡುಬೆರಳ ತುದಿಗೆ ಗೇಣು ಹಾಕಿ, ಎರಡು ಪಟ್ಟು ಮಾಡಿ ಬಟ್ಟೆ ಕತ್ತರಿಸುತ್ತಿದ್ದ. ಗಾದಿ ಗಿಡ್ಡವಾಯಿತೆಂದು ಯಾರೂ ಹಿಂದೆ ತಂದುಕೊಟ್ಟಿರಲಿಲ್ಲ.

ಅವಳು ಬಟ್ಟೆಯಡಿ ತಲೆ ತೂರಿಸಿ ಗಂಟಲ ಗುಳಿಗೆ ಹೆಬ್ಬೆರಳಿಟ್ಟಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಗೇಣು ಸರಿಯಾಗಿ ಬೆರಳ ತುದಿಗೆ ಮುಗಿಯಿತು. ಅವಳ ಗೇಣೆಂದರೆ ಏಳೂವರೆ ಇಂಚು, ಎಂಟು ಗೇಣಿಗೆ ಅರವತ್ತು.

"ಅಲ್ಲೇನು ಮಾಡಾಕತ್ತಾಳ್ರಿ ಆಕಿ?" ರುದ್ರೇಶ ರೇಗಿದರು.

"ಐದಡಿ ಸರ್! ಆಚೀಚೆ ಆದ್ರ ಅರ್ಧ ಇಂಚ."

"ಹಂಗಾದ್ರ ನಲವತ್ತೈದು ಕಿಲೋದವರ ಉಸಿರು," ಎಂದ ರವಿಕುಮಾರ. ಬೆರಳುಗಳು ಆಗಲೇ ಗುಂಡಿಯ ಮೇಲಿದ್ದವು. "ಸರ್, ಎರಡು ನಿಮಿಷ ಹೊಟ್ಟಿ ಗಾಳಿ ಹೊರಗ ಬಿಡ್ರಿ. ಮೇಜು ಮಟ್ಟಸ ಮಾಡ್ತೀವಿ."

"ಎರಡ ನಿಮಿಷ. ಮೂರನೇದಕ್ಕ ನನ್ನ ಕೈಯಾಗ ಚಾಕು ಇರ್ತೈತಿ."

ರವಿಕುಮಾರ ಮಷಿನ್ನಿನ ಗಾಳಿಚೀಲವನ್ನು ಕೈಯಲ್ಲಿ ಹಿಡಿದು, ಮುದುಡಿದ ಶ್ವಾಸಕೋಶ ಬಿಚ್ಚಿಕೊಳ್ಳಲೆಂದು ಒಂದು ದೀರ್ಘ ಉಸಿರನ್ನು ಮೆಲ್ಲಗೆ ತುಂಬಿ ತಡೆದ. ಆಮೇಲೆ ಉಸಿರನ್ನು ಇನ್ನೂರೆಂಬತ್ತಕ್ಕೆ ಇಳಿಸಿ, ನಿಮಿಷಕ್ಕೆ ಎಷ್ಟು ಉಸಿರು ಎಂಬ ಲೆಕ್ಕವನ್ನು ಹೆಚ್ಚಿಸಿದ. ಉಸಿರು ಹೊರಬಿಟ್ಟಾಗಲೂ ಒಳಗೆ ಒಂದಿಷ್ಟು ಒತ್ತಡ ಉಳಿಯುವಂತೆ ಮಾಡಿದ. ಖುರ್ಷಿದಾ ೧೨೮ರ ಪಟ್ಟಿಯನ್ನು ಪರಕ್ಕನೆ ಕಿತ್ತು ಬುಟ್ಟಿಗೆ ಎಸೆದಳು. ಎಂಬತ್ತೊಂಬತ್ತು. ಎಂಬತ್ತೊಂಬತ್ತು. ತೊಂಬತ್ತೊಂದು. ಅಂಕಿ ಹೊಸ ಸೊಸೆಯ ಹಾಗೆ ಹೊಸ್ತಿಲಲ್ಲಿ ನಿಂತು ನಿಂತು ಒಳಗೆ ಬಂತು. ತೊಂಬತ್ತಾರು.

"ಈಗ ತುಂಬ್ರಿ ಸರ್. ಗಾಳಿ ಒತ್ತಡ ಹನ್ನೆರಡರ ಮ್ಯಾಲೆ ಬ್ಯಾಡ, ಓರೆನೂ ಮೊದಲಿನಷ್ಟ ಬ್ಯಾಡ," ಎಂದ ರವಿಕುಮಾರ.

"ಹಂಗಾದ್ರ ನನಗ ಒಳಗ ಏನ್ ಕಾಣಬೇಕ್ರಿ, ನಿಮ್ಮ ಮಾರಿ?" ಎಂದು ಬೈದರೂ ರುದ್ರೇಶ ಹನ್ನೆರಡರಲ್ಲೇ ಮುಗಿಸಿದರು. ಒಂದೂವರೆ ತಾಸಿನ ಕೆಲಸ ಎರಡೂವರೆ ತಾಸು ಹಿಡಿಯಿತು. ಅಷ್ಟು ಹೊತ್ತೂ ಅವರ ಬಾಯಿ ಸುಮ್ಮನಿರಲಿಲ್ಲ. ಕೊನೆಗೆ ಹೊಟ್ಟೆಯ ಮೇಲೆ ಉಳಿದದ್ದು ನಾಲ್ಕು ಸಣ್ಣ ಹೊಲಿಗೆ.

ಮಧ್ಯಾಹ್ನ ಪಾರ್ವತೆಮ್ಮ ಒರಗು ಮಂಚದಲ್ಲಿ ಅರ್ಧ ಕೂತಂತೆ ಮಲಗಿದ್ದಾಗ ಖುರ್ಷಿದಾ ಟೇಪು ತಂದಳು. ಮನಸ್ಸು ತಡೆದಿರಲಿಲ್ಲ. ಮಂಚವನ್ನು ಗಳಿಗೆ ಹೊತ್ತು ಮಟ್ಟಸ ಮಾಡಿ ತಲೆಯಿಂದ ಹಿಮ್ಮಡಿಗೆ ಹಿಡಿದಳು. ನೂರಾ ಐವತ್ತೊಂದು ಸೆಂಟಿಮೀಟರು. ಫೈಲಿನ ಖಾಲಿ ಜಾಗದಲ್ಲಿ ಬರೆದಳು.

"ಉದ್ದ ಯಾಕ ಅಳಿತೀಬೇ?" ನೆಲ ಒರೆಸುತ್ತಿದ್ದ ಹುಲಗಮ್ಮ ಕೇಳಿದಳು. "ವರ ಗಿರ ಬಂದೈತೇನ ಈಕಿಗೆ?"

ಪಾರ್ವತೆಮ್ಮ ಕಣ್ಣು ತೆರೆಯದೆ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡಳು. ಪಟ್ಟಿಗಳನ್ನು ಒಂದೊಂದಾಗಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಕೊಯ್ಲಿಲ್ಲಲ್ಲಾ?"

"ಇಲ್ರಿ."

ಅವಳ ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಇಂಥ ಮೈಯವರಿಗೆ ಮದ್ದಿನ ಮಂಪರಿನಲ್ಲಿ ಉಸಿರು ನಡುವೆಯೇ ಕಟ್ಟುವುದುಂಟು. ಖುರ್ಷಿದಾಳ ಡ್ಯೂಟಿ ಮುಗಿದಿತ್ತು, ಬುತ್ತಿ ಇನ್ನೂ ಬಿಚ್ಚಿರಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ಕೂತಳು. ಗೊರಕೆ ಹಠಾತ್ತನೆ ನಿಂತಿತು.

"ಅಮ್ಮಾರ, ಉಸಿರ ತಗೋರಿ."

ಗೊರಕೆ ಮತ್ತೆ ಹೊರಟಿತು. ಮತ್ತೆ ನಿಂತಿತು.

"ಅಮ್ಮಾರ! ಉಸಿರು!"

"ತಗೊಳ್ಳಾಕತ್ತೀನಿ ಬಿಡ ನಮ್ಮವ್ವಾ," ಪಾರ್ವತೆಮ್ಮ ರೇಗಿದಳು. "ಎಷ್ಟ ಸಲ ಹೇಳ್ತಿ?"

"ಸಂಜೀತನ ಹೇಳ್ತೀನಿ," ಎಂದು ಖುರ್ಷಿದಾ ಬುತ್ತಿಯ ಮುಚ್ಚಳ ತೆಗೆದಳು.